ಎಲೆಚೀಲದ ಚೀಟಿ

ಅಕ್ಕ ತಂಗಿ ಇಬ್ಬರೂ ಒಂದೇ ಮಣ್ಣು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಕಾಡಿನಲ್ಲಿ ಉದುರಿದ ಎಲೆ ಕೊಳೆಯುವಾಗ ಮೊದಲು ಮಣ್ಣಿನ ಸಾರಜನಕವನ್ನೇ ಹೀರಿಕೊಳ್ಳುತ್ತದೆ ಎಂದು ಅಕ್ಕ ಆರು ತಿಂಗಳಲ್ಲಿ ತೋರಿಸಿದ್ದಳು. ತಂಗಿ ಎಲೆ ತುಂಬಿದ ಬಲೆಚೀಲಗಳಲ್ಲಿ ಕೆಲವನ್ನು ಆರು ತಿಂಗಳಿಗೆ ತೆಗೆದು, ಉಳಿದವನ್ನು ಎರಡು ವರ್ಷ ನೆಲದಲ್ಲೇ ಬಿಟ್ಟು, ಹೀರಿದ್ದು ಮತ್ತೆ ಮಣ್ಣಿಗೆ, ಮರಗಳಿಗೆ ಮರಳುವುದನ್ನು ಕಂಡುಹಿಡಿದಳು. ಮುಖ್ಯಸ್ಥರು ಎಲ್ಲರೆದುರು ತಂಗಿಯ ಬೆನ್ನು ತಟ್ಟಿದರು.

'ಉತ್ತವಳು ನಾನು, ಕೊಯ್ಯೋಳು ಇವಳು' ಎಂದು ಅಕ್ಕ ಒಳಗೊಳಗೇ ಕುದಿದಳು.

ಚೀಲಗಳನ್ನು ಖಾತ್ರಿಗಾಗಿ ಮತ್ತೊಮ್ಮೆ ಪರೀಕ್ಷಿಸುವ ಕೆಲಸ ಅವಳ ಪಾಲಿಗೇ ಬಂತು. ಆರು ತಿಂಗಳ ಚೀಲಗಳ ಚೀಟಿಯನ್ನೂ ಎರಡು ವರ್ಷದ ಚೀಲಗಳ ಚೀಟಿಯನ್ನೂ ಅವಳು ಅದಲುಬದಲು ಮಾಡಿದಳು.

ಎರಡು ವರ್ಷವಾದರೂ ಎಲೆ ಸಾರಜನಕವನ್ನು ಹಿಡಿದೇ ಇಟ್ಟಿದೆ ಎನ್ನುವ ಅಂಕಿಗಳನ್ನು ನೋಡಿ ತಂಗಿ ಕಂಗಾಲಾದಳು. "ನಾನೇ ಎಲ್ಲೋ ಎಡವಿದೀನಿ ಅಕ್ಕಾ. ನೀನು ಮಾಡಿದ ಪರೀಕ್ಷೆ ತಪ್ಪಿರಲ್ಲ. ನಾಳೆ ಮುಖ್ಯಸ್ಥರಿಗೆ ಹೇಳಿಬಿಡ್ತೀನಿ."

ಅವಳು ಅನುಮಾನಪಟ್ಟಿದ್ದರೆ ಅಕ್ಕ ಜಗಳವಾಡಿ ಗೆಲ್ಲುತ್ತಿದ್ದಳು. ಈ ನಂಬಿಕೆಯ ಮುಂದೆ ಜಗಳಕ್ಕೆ ದಾರಿಯೇ ಇರಲಿಲ್ಲ.

"ಹೇಳಬೇಡ," ಎಂದಳು ಅಕ್ಕ. "ಚೀಟಿ ಬದಲಾಯಿಸಿದ್ದು ನಾನೇ."

"ಯಾಕೆ?"

"ಹೊಟ್ಟೆಕಿಚ್ಚು ಕಣೇ. ಈಗಲೂ ಇದೆ."

ತಂಗಿ ಚೀಟಿಗಳನ್ನು ಕಿತ್ತು ಸರಿಯಾದ ಚೀಲಗಳಿಗೆ ಕಟ್ಟಿದಳು. ಆಮೇಲೆ ಇಬ್ಬರೂ ಕೂತು ಎಲ್ಲ ಚೀಲಗಳನ್ನು ಹೊಸದಾಗಿ ಪರೀಕ್ಷಿಸಿದರು. ತಂಗಿಯ ಮಾತೇ ನಿಜವಾಯಿತು. ಆದರೆ ಅಂಕಿ ಬರೆಯುವ ಪುಸ್ತಕವನ್ನು ಅವಳು ಅಕ್ಕನ ಕೈಗೆ ಕೊಡಲಿಲ್ಲ. ಅಕ್ಕ ಕೇಳಲೂ ಇಲ್ಲ.