ಛೇದದಲ್ಲಿ ಇದ್ದದ್ದು

ಮೂವರಿಗೂ ನಾಲ್ಕು ಪಟ್ಟು; ಅವನೊಬ್ಬನಿಗೆ ಕಾಲು ಭಾಗ.

ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ತುಸು ಹೊತ್ತು ಬಿಟ್ಟು ಮತ್ತೆ ಎತ್ತಿ ನೋಡಿದ. ಅಂಕಿಗಳು ಕದಲಿರಲಿಲ್ಲ. ಮೇಷ್ಟ್ರು ಬರೆದಿದ್ದರು: ನಾಲ್ಕು ಪಟ್ಟು ಬೆಳಗಿದೆ, ನನ್ನ ಕಣ್ಣನ್ನೇ ನಂಬಲಾಗುತ್ತಿಲ್ಲ. ಹಲ್ಲಿನ ಡಾಕ್ಟರು ಬರೆದಿದ್ದರು: ನನ್ನದೂ ಅಷ್ಟೇ. ಲೈಬ್ರರಿ ಮೇಡಂ ಮಾತಿಲ್ಲದೆ ಚಿತ್ರವನ್ನಷ್ಟೇ ಕಳಿಸಿದ್ದರು. ಮೂವರದೂ ಮೂರು ಊರು. ಮೂವರ ದೂರದರ್ಶಕಗಳೂ ಬೇರೆ ಬೇರೆ. ಮೂವರೂ ಒಂದೇ ಬಗೆಯಲ್ಲಿ ತಪ್ಪುವ ಸಂಭವ ಅವನ ಲೆಕ್ಕದಲ್ಲಿ ಸೊನ್ನೆ.

ಕಚೇರಿಯ ಕಿಟಕಿಯಾಚೆ ಒಬ್ಬಾತ ಏಣಿಯ ಮೇಲೆ ನಿಂತು ಎದುರು ಕಟ್ಟಡದ ಗಾಜು ಒರೆಸುತ್ತಿದ್ದ. ಎಷ್ಟು ಒರೆಸಿದರೂ ಆ ಗಾಜಿನಲ್ಲಿ ಆತನ ಮುಖವಲ್ಲ, ಬೆನ್ನೇ ಕಾಣುತ್ತಿತ್ತು.

ನಾಲ್ವರೂ ಹವ್ಯಾಸಿಗಳು. ಬಹಳ ವರ್ಷಗಳಿಂದ ಆಕಾಶದ ಒಂದೇ ಒಂದು ಚುಕ್ಕೆಯನ್ನು ಕಾಯುತ್ತ ಬಂದವರು. ನೋಡುವುದಕ್ಕೆ ನಕ್ಷತ್ರ, ನಕ್ಷತ್ರವಲ್ಲ. ಕ್ವೇಸಾರ್. ಊಹೆಗೆ ನಿಲುಕದಷ್ಟು ದೂರದ ಗೆಲಾಕ್ಸಿಯೊಂದರ ಹೊಟ್ಟೆಯಲ್ಲಿ ಕಪ್ಪುಕುಳಿಯೊಂದು ಸುತ್ತಲಿನದನ್ನೆಲ್ಲ ನುಂಗುತ್ತಿದೆ. ನುಂಗುವಾಗ ಏಳುವ ಉರಿ ಇಲ್ಲಿಗೆ ಚುಕ್ಕೆಯಾಗಿ ಕಾಣುತ್ತದೆ. ಆ ಬೆಳಕು ಹೊರಟಾಗ ಭೂಮಿ ಇನ್ನೂ ಹುಟ್ಟಿರಲಿಲ್ಲ. ಇದನ್ನು ಅವನು ಹೆಂಡತಿಗೆ ಒಮ್ಮೆ ಹೇಳಿದ್ದ. ಅವಳು, "ಅಲ್ಲಿಂದ ಬಂದು ನಮ್ಮ ತಾರಸಿ ಮೇಲೇ ಬೀಳಬೇಕೆ?" ಎಂದು ಬಟ್ಟೆ ಮಡಚುವುದನ್ನು ಮುಂದುವರಿಸಿದ್ದಳು.

ಈವರೆಗೆ ಆ ಚುಕ್ಕೆ ಶಾಂತವಾಗಿತ್ತು. ಶಾಂತವಾಗಿತ್ತು ಎಂಬುದಕ್ಕೆ ಮುಖ್ಯ ಸಾಕ್ಷಿ ಅವನೇ. ಉಳಿದ ಮೂವರು ಬಿಡುವಾದಾಗ ನೋಡುವವರು. ಮೋಡವಿಲ್ಲದ ಒಂದು ಇರುಳನ್ನೂ ತಪ್ಪಿಸದವನು ಅವನೊಬ್ಬನೇ. ಅವನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಪರಿವೀಕ್ಷಕ. ಗುಂಪಿನಲ್ಲಿ ಅವನ ಹೆಸರು ತಕ್ಕಡಿ. ಮೊದಮೊದಲು ಅದು ತಮಾಷೆಯಾಗಿತ್ತು. ಈಚೆಗೆ ಅದು ಗೌರವವೋ ತಮಾಷೆಯೋ ಎಂದು ವಿಚಾರಿಸುವುದನ್ನು ಅವನೇ ಬಿಟ್ಟಿದ್ದ.

ಫೋನು ಅದುರಿತು. ಮೇಷ್ಟ್ರು.

"ತಕ್ಕಡಿ ಸಾರ್, ಬದುಕಿದ್ದೀರಾ? ಇಲ್ಲಿ ಎಲ್ಲರೂ ಕುಣೀತಿದ್ದಾರೆ, ನಿಮ್ಮದು ಮಾತ್ರ ಉಸಿರೇ ಇಲ್ಲ."

"ಕೆಲಸ ಇತ್ತು."

"ನಿನ್ನೆ ಚಿತ್ರ ತೆಗೆದ್ರಾ?"

"ತೆಗೆದೆ."

"ಮತ್ತೆ?"

"ನೋಡ್ತಿದ್ದೀನಿ."

"ಇನ್ನೇನು ನೋಡೋದು ಸ್ವಾಮಿ! ಕಣ್ಣಿಗೆ ಬಂದು ಕುಕ್ಕೋ ಹಾಗಿದೆ."

"ಸಂಜೆ ಹೇಳ್ತೀನಿ."

ಮೇಷ್ಟ್ರ ದನಿ ತಗ್ಗಿತು. "ನೋಡಿ, ನಮ್ಮ ಮೂವರ ಮಾತನ್ನ ಯಾರು ಕೇಳ್ತಾರೆ? ನಾನು ರಿಟೈರ್ಡು, ಅವನು ಹಲ್ಲು ಕೀಳೋನು, ಆಯಮ್ಮ ಪುಸ್ತಕದ ಧೂಳು ಹೊಡೆಯೋಳು. ವೀಕ್ಷಣಾಲಯದವರಿಗೆ ನಿಮ್ಮ ಅಷ್ಟು ವರ್ಷದ ನೆಟ್ಟನೆ ಗೆರೆ ತೋರಿಸಬೇಕು. ಇಷ್ಟು ಕಾಲ ಮಲಗಿತ್ತು, ಈಗ ಎದ್ದಿದೆ ಅಂತ. ಆಗ ದೊಡ್ಡ ದೂರದರ್ಶಕ ಈ ಕಡೆ ತಿರುಗತ್ತೆ. ಸಂಜೆ ನಾಲ್ಕೂ ಜನ ಫೋನಲ್ಲಿ ಸೇರೋಣ. ನೀವು ಹೂಂ ಅಂದ್ರೆ ಕಳಿಸಿಬಿಡ್ತೀನಿ."

"ಆಗಲಿ."

"ಏನು ಆಗಲಿ? ಖುಷಿ ಇಲ್ವೇನ್ರಿ ನಿಮಗೆ?"

"ಇದೆ," ಎಂದ. ಎಲ್ಲಿದೆ ಎಂದು ಮೇಷ್ಟ್ರು ಕೇಳಲಿಲ್ಲ.

ಚುಕ್ಕೆಯ ಬೆಳಕನ್ನು ಒಂಟಿಯಾಗಿ ಅಳೆಯಲಾಗದು. ಒಂದು ದಿನ ಗಾಳಿಯಲ್ಲಿ ಧೂಳು, ಇನ್ನೊಂದು ದಿನ ತೇವ. ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ಆದ್ದರಿಂದ ಬದಲಾಗದ ನಕ್ಷತ್ರವೊಂದನ್ನು ಅದೇ ಚಿತ್ರದಲ್ಲಿ ಆರಿಸಿಕೊಳ್ಳಬೇಕು. ಕ್ವೇಸಾರಿನ ಬೆಳಕು ಮೇಲೆ, ನಕ್ಷತ್ರದ ಬೆಳಕು ಕೆಳಗೆ. ಅಂಶ, ಛೇದ. ಭಾಗಿಸಿದರೆ ಧೂಳು ಹೊಡೆದುಹೋಗಿ ನಿಜ ಉಳಿಯುತ್ತದೆ. ಆ ನಕ್ಷತ್ರವನ್ನು ಗುಂಪಿಗೆ ಆರಿಸಿಕೊಟ್ಟವನೂ ಅವನೇ. ನಡುವೆ ಒಂದು ದಪ್ಪ ನಕ್ಷತ್ರ. ಅದರ ಒಂದು ಪಕ್ಕಕ್ಕೆ ಕ್ವೇಸಾರ್, ಇನ್ನೊಂದು ಪಕ್ಕಕ್ಕೆ ಅಷ್ಟೇ ದೂರದಲ್ಲಿ, ಅಷ್ಟೇ ಮಂಕಾಗಿ, ಅಳತೆಗೋಲಿನ ನಕ್ಷತ್ರ. ಅವಳಿಗಳಂತೆ. ಅದರ ಅಚ್ಚುಕಟ್ಟಿಗೆ ಅವನು ಅಂದು ಹೆಮ್ಮೆಪಟ್ಟಿದ್ದ.

ಅವನು ತನ್ನ ಚಿತ್ರವನ್ನು ಕಚೇರಿಯ ಯಂತ್ರದಲ್ಲಿ ಅಚ್ಚು ತೆಗೆದು, ತಾನು ಅಳೆಯುತ್ತ ಬಂದ ಕ್ವೇಸಾರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ. ಲೈಬ್ರರಿ ಮೇಡಂ ಚಿತ್ರವನ್ನೂ ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟ. ಒಂದರೊಡನೆ ಒಂದು ಕೂಡಲಿಲ್ಲ. ಕೂಡಬೇಕಾಗಿಯೂ ಇರಲಿಲ್ಲ: ಅವನ ದೂರದರ್ಶಕದೊಳಗಿನ ಓರೆಗನ್ನಡಿ ಎಡವನ್ನು ಬಲವಾಗಿಸುತ್ತದೆ. ಅದು ಅವನಿಗೆ ತಿಳಿದ ವಿಷಯ. ತನ್ನ ಚಿತ್ರವನ್ನು ಎತ್ತಿ, ಕಿಟಕಿಯ ಗಾಜಿಗೆ ಬೆನ್ನುಮುಂದಾಗಿ ಒತ್ತಿ ಹಿಡಿದ. ಬಿಸಿಲು ಕಾಗದದೊಳಗಿಂದ ಹಾದುಬಂತು. ಈಗ ನಕ್ಷತ್ರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಅವನು ಕ್ವೇಸಾರಿಗೆ ಹಾಕಿದ್ದ ಪೆನ್ಸಿಲಿನ ಸುತ್ತು ಮಾತ್ರ ಇನ್ನೊಂದು ಪಕ್ಕದ ಅಳತೆಗೋಲಿನ ನಕ್ಷತ್ರದ ಮೇಲೆ ಬಿದ್ದಿತ್ತು.

ಅವನು ಕಾಗದವನ್ನು ಇಳಿಸಲಿಲ್ಲ. ತೋಳು ನೋಯುವವರೆಗೂ ಹಾಗೇ ಹಿಡಿದಿದ್ದ.

ಮೊದಲ ದಿನ ತಿರುಗಿಸಿ ನೋಡಲು ಮರೆತಿರಬೇಕು. ಅಂದು ಗುರುತು ಹಾಕಿದ್ದನ್ನು ದೂರದರ್ಶಕದ ಯಂತ್ರ ನೆನಪಿಟ್ಟುಕೊಂಡಿತು. ಆಮೇಲೆ ಪ್ರತಿ ಸಲ ಅದೇ ಜಾಗಕ್ಕೆ ಅದಾಗಿಯೇ ಹೋಗಿ ನಿಂತಿತು. ಎರಡೂ ಶಾಂತವಾಗಿದ್ದಷ್ಟು ಕಾಲ ಅದಲುಬದಲಾದದ್ದು ತಿಳಿಯುವ ದಾರಿಯೇ ಇರಲಿಲ್ಲ. ಒಂದನ್ನು ಒಂದರಿಂದ ಭಾಗಿಸಿದರೆ ಒಂದು.

ಅಂದರೆ ಇಷ್ಟು ವರ್ಷ ಅವನು ಎದ್ದು ಕೂತು ನೋಡಿದ್ದು, ನೆಗಡಿಯಾದಾಗಲೂ ಕಂಬಳಿ ಹೊದ್ದು ಕಾದದ್ದು, ಯಾರಿಗೂ ಕೇಳದಂತೆ ಒಂದೆರಡು ಮಾತಾಡಿದ್ದು ಒಂದು ಸಾಧಾರಣ ನಕ್ಷತ್ರದೊಡನೆ. ಅದರ ಬೆಳಕು ಹೊರಟು ಕೆಲವು ಸಾವಿರ ವರ್ಷವಾಗಿದ್ದೀತು. ಆಕಾಶದ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಕ್ವೇಸಾರ್ ಛೇದದಲ್ಲಿತ್ತು. ಅವನು ಅಳೆದದ್ದೆಲ್ಲದರ ಅಡಿಯಲ್ಲಿತ್ತು. ಅದನ್ನು ಅವನು ಒಮ್ಮೆಯೂ ನೋಡಿರಲಿಲ್ಲ, ಬಳಸಿದ್ದ. ಅದೀಗ ನಾಲ್ಕು ಪಟ್ಟು ಕಣ್ಣು ತೆರೆದಿತ್ತು.

ಲೆಕ್ಕವೇನೋ ಕೆಟ್ಟಿರಲಿಲ್ಲ. ಇದೇ ಅವನನ್ನು ಹೆಚ್ಚು ಹೆದರಿಸಿತು. ಭಿನ್ನರಾಶಿಗಳನ್ನೆಲ್ಲ ತಲೆಕೆಳಗು ಮಾಡಿದರೆ ಮುಗಿಯಿತು: ಕಾಲು ಹೋಗಿ ನಾಲ್ಕಾಗುತ್ತದೆ, ಒಂದು ಒಂದಾಗಿಯೇ ಉಳಿಯುತ್ತದೆ, ನೆಟ್ಟನೆ ಗೆರೆ ನೆಟ್ಟಗೇ ಇರುತ್ತದೆ. ಸಂಜೆ ಅವನು 'ನಾಲ್ಕು' ಎಂದರೆ ಅದು ಸತ್ಯ. ಯಾರೂ ಏನೂ ಕೇಳುವುದಿಲ್ಲ. ಹೇಳಿಬಿಟ್ಟರೆ ಅವರು ನಗುತ್ತಾರೆ, ಕ್ಷಮಿಸುತ್ತಾರೆ, ಬೇರೆ ಸಾಕ್ಷಿ ಹುಡುಕುತ್ತಾರೆ. ಹೇಳದಿದ್ದರೆ ಉತ್ತರ ನಿಜವಾಗಿಯೇ ಉಳಿದು, ಅದನ್ನು ಹೇಳಿದವನೊಬ್ಬ ಸುಳ್ಳಾಗುತ್ತಾನೆ.

ಫೋನು ಮತ್ತೆ ಅದುರಿತು. ಹೆಂಡತಿ.

"ಬೀಗದ ಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳ್ಕೊಂಡುಬಿಟ್ಟೆ. ನಿಮ್ಮ ಹತ್ರ ಇದೆಯಲ್ಲ, ಬರ್ತಾ ಕೊಳದ ಹತ್ರ ಬಂದು ಕೊಟ್ಟುಬಿಡಿ."

"ಯಾವ ಕೊಳ?"

"ಈಜುಕೊಳ."

"ಅಲ್ಲೇನು ನಿನಗೆ?"

"ಈಜ್ತೀನಿ. ಸಂಜೆ ಹೊತ್ತು. ಹೇಳಿದ್ನಲ್ಲ."

"ಯಾವಾಗ?"

"ಹೇಳಿದ್ದೆ. ನೀವು 'ಒಳ್ಳೇದು' ಅಂದ್ರಿ."

"ನಿನಗೆ ನೀರು ಕಂಡ್ರೆ ಭಯ ಅಲ್ವಾ?"

"ಅದು ನಮ್ಮಕ್ಕಂಗೆ," ಎಂದಳು. ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ಚಿಲ್ಲರೆ ತಪ್ಪು ಕೊಟ್ಟಾಗ ತಿದ್ದುವಂತೆ. "ಮರೀಬೇಡಿ ಮತ್ತೆ."

ಮಧ್ಯಾಹ್ನ ದಿನಸಿ ಸಗಟು ಅಂಗಡಿಯೊಂದರ ಪರೀಕ್ಷೆಯಿತ್ತು. ಇಲಾಖೆಯ ಹಿತ್ತಾಳೆ ತೂಕಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಅವನೇ ಹೊತ್ತು ಹೋದ. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ; ಬೆವರು ಕೂಡ ತೂಕವೇ.

ಅಂಗಡಿಯವನು ಹೊಟ್ಟೆ ಸವರುತ್ತ ಎದ್ದು ಬಂದ. "ಬನ್ನಿ ಸಾಹೇಬ್ರೆ, ಬನ್ನಿ. ನೀವು ಬಂದ ದಿನವೇ ನಮ್ಮ ತೂಕದ ಕಲ್ಲು ಸಣ್ಣಗಾಗಿರತ್ತೆ, ನಮ್ಮ ಹಣೆಬರಹ."

ಅವನು ಪೆಟ್ಟಿಗೆ ತೆರೆದ. ಒಂದು ತಟ್ಟೆಗೆ ಇಲಾಖೆಯ ತೂಕ, ಇನ್ನೊಂದಕ್ಕೆ ಅಂಗಡಿಯದು. ಮುಳ್ಳು ಅತ್ತಿತ್ತ ತೂಗಿತು.

"ಒಂದು ಮಾತು ಕೇಳ್ತೀನಿ, ಬೇಜಾರಾಗಬಾರದು. ನಮ್ಮ ಕಲ್ಲು ಸರಿಯೋ ಇಲ್ವೋ ನೀವು ನೋಡ್ತೀರಿ. ನಿಮ್ಮ ಕಲ್ಲನ್ನ ಯಾರು ನೋಡ್ತಾರೆ?"

"ಮೇಲಿನವರು."

"ಅವರದ್ದನ್ನ?"

"ಅವರ ಮೇಲಿನವರು."

"ಸರಿ ಬಿಡಿ. ತುತ್ತತುದೀಲಿ ಇರೋನು ಒಬ್ಬ ಅಳತೆ ತಪ್ಪಿದ್ರೆ ನಾವೆಲ್ಲ ಒಟ್ಟಿಗೆ ನರಕಕ್ಕೆ!" ಅಂಗಡಿಯವನು ಗಹಗಹಿಸಿ ನಕ್ಕ. ಮೂಟೆಯ ಮೇಲೆ ಕೂತಿದ್ದ ಗಿರಾಕಿಯೂ ನಕ್ಕ.

ಮುಳ್ಳು ನಿಂತಿತು. ನಟ್ಟನಡುವೆ. ಎರಡು ತಟ್ಟೆಗಳಲ್ಲಿ ಎರಡು ಹಳದಿ ಗುಂಡುಗಳು, ಒಂದೇ ಎತ್ತರ, ಒಂದೇ ಹೊಳಪು. ಅಂಗಡಿಯವನು ಇವನು ಬರುವನೆಂದು ತನ್ನದನ್ನೂ ಉಜ್ಜಿ ಬೆಳಗಿಸಿದ್ದ. ಅವನು ನೋಡುತ್ತ ನಿಂತ. ಯಾವುದು ಇಲಾಖೆಯದು ಎಂಬುದು ಅವನಿಗೆ ಹೊಳೆಯಲಿಲ್ಲ. ತಾನು ಇಟ್ಟದ್ದು ಎಡಗಡೆಯೇ? ಯಾರ ಎಡಗಡೆ?

"ಯಾಕೆ ಸಾಹೇಬ್ರೆ? ಸರಿಯಾಗೇ ಇದೆಯಲ್ಲ."

"ಸರಿ ಇದೆ."

"ಮತ್ತೆ ಮುದ್ರೆ ಒತ್ತಿ."

ಅವನು ಚಿಮಟದಿಂದ ಒಂದನ್ನು ಎತ್ತಿ ಬುಡ ತಿರುಗಿಸಿದ. ಇಲಾಖೆಯ ಗುರುತಿತ್ತು. ಇದ್ದರೆ ಇರಲಿ ಎನ್ನಿಸಿತು. ಗುರುತು ಹಾಕಿದವನೂ ಯಾವನೋ ಒಬ್ಬ. ಅಂದು ಅವನಿಗೂ ಮನೆಗೆ ಹೋಗುವ ಅವಸರವಿದ್ದಿರಬಹುದು. ಇನ್ನೊಂದರ ಬುಡಕ್ಕೆ ತುಂಬಿದ್ದ ಸೀಸದ ಮೇಲೆ ಮುದ್ರೆ ಒತ್ತಿದ. ಒತ್ತಿದ ಸದ್ದು ಅಂಗಡಿಯ ಕತ್ತಲ ಮೂಲೆಗೆ ಹೋಗಿ, ಯಾರೋ ಅಲ್ಲಿಯೂ ಒತ್ತಿದಂತೆ ಹಿಂದಿರುಗಿತು. ಹೊರಗೆ ಬಂದ ಮೇಲೂ ಅಂಗಡಿಯೊಳಗಿನ ನಗು ಕೇಳುತ್ತಲೇ ಇತ್ತು. ತನ್ನನ್ನು ಕುರಿತದ್ದಲ್ಲ ಎಂದುಕೊಂಡ. ಅದೂ ಅವನಿಗೆ ಸಮಾಧಾನ ಕೊಡಲಿಲ್ಲ.

ಈಜುಕೊಳದ ಕಟ್ಟಡ ಅವನು ದಿನವೂ ಹಾದುಹೋಗುವ ರಸ್ತೆಯಲ್ಲೇ ಇತ್ತು. ಗೋದಾಮೆಂದು ತಿಳಿದಿದ್ದ. ಒಳಗೆ ಔಷಧಿಯ ವಾಸನೆ, ಒದ್ದೆ ನೆಲ. ಬಾಗಿಲಲ್ಲಿ ಕೂತಿದ್ದ ಹೆಂಗಸು ಹೆಣಿಗೆಯಿಂದ ಕಣ್ಣೆತ್ತದೆ ಕೈ ಅಡ್ಡ ಹಿಡಿದಳು.

"ಈಗ ಹೆಂಗಸರ ಸಮಯ. ಗಾಜಿನ ಈಚೆ ನಿಂತ್ಕೊಳ್ಳಿ."

"ಬೀಗದ ಕೈ ಕೊಡಬೇಕಿತ್ತು. ನನ್ನ ಹೆಂಡತಿಗೆ."

"ಕೈ ತೋರಿಸಿ, ಅವರೇ ಬರ್ತಾರೆ. ಯಾರು ನಿಮ್ಮವರು?"

ಅವನು ಗಾಜಿನೊಳಗೆ ನೋಡಿದ. ಬಿಳಿ ದೀಪಗಳು. ಹಸಿರು ನೀರು. ನೀರಿನ ಮೇಲೆ ತಲೆಗಳು, ಎಲ್ಲಕ್ಕೂ ಒಂದೇ ಬಗೆಯ ಬಿಳಿ ರಬ್ಬರು ಟೋಪಿ, ಕಪ್ಪು ಕನ್ನಡಕ. ತಲೆಗಳು ಏಳುತ್ತಿದ್ದವು, ಮುಳುಗುತ್ತಿದ್ದವು. ಗಾಜು ದಪ್ಪ, ಸದ್ದಿಲ್ಲ.

"ಅಲ್ಲಿದ್ದಾಳೆ," ಎಂದ.

"ಹೂಂ," ಎಂದು ಅವಳು ಹೆಣಿಗೆಗೆ ಮರಳಿದಳು.

ಅಂಚಿನ ಸಾಲಿನಲ್ಲಿ ಒಬ್ಬಳು ನಿಧಾನವಾಗಿ, ಗೋಡೆಗೆ ಕೈ ತಾಗಿಸುತ್ತ ಈಜುತ್ತಿದ್ದಳು. ಅವಳೇ. ಅವಳು ಯಾವುದನ್ನೂ ಬೇಗ ಮಾಡುವವಳಲ್ಲ. ಭುಜ ಸ್ವಲ್ಪ ಬಾಗಿದೆ. ಗೋಡೆ ತಲುಪಿ ನಿಂತು ಉಸಿರೆಳೆದಳು, ಮತ್ತೆ ಹೊರಟಳು. ಎಷ್ಟೋ ದಿನಗಳ ಮೇಲೆ ಅವನಿಗೆ ಅವಳ ಬಗ್ಗೆ ಅಕ್ಕರೆ ಹುಟ್ಟಿತು. ಇವಳಿಗೆ ಹೇಳಬಹುದು ಎನ್ನಿಸಿತು. ದಾರಿಯಲ್ಲಿ ನಡೆಯುತ್ತ ಹೇಳಬಹುದು: ಇಷ್ಟು ವರ್ಷ ನಾನು ಬೇರೆ ಯಾವುದನ್ನೋ ನೋಡುತ್ತಿದ್ದೆ ಕಣೆ. ಅವಳು ನಕ್ಕಾಳು. ನಕ್ಕರೆ, ಆಮೇಲೆ ಮೇಷ್ಟ್ರಿಗೂ ಹೇಳುವುದು ಕಷ್ಟವಾಗದು.

ಫೋನು ಅದುರಿತು. ಮೂವರೂ ಒಂದೇ ಕರೆಯಲ್ಲಿ ಒಟ್ಟಿಗಿದ್ದರು. ಹಲ್ಲಿನ ಡಾಕ್ಟರು ಏನೋ ಹೇಳಿ ನಗುತ್ತಿದ್ದರು.

"ಬಂದ್ರು, ಬಂದ್ರು, ತಕ್ಕಡಿ ಬಂದ್ರು," ಎಂದರು ಮೇಷ್ಟ್ರು. "ಸುದ್ದಿ ಬರೆದಿಟ್ಟಿದ್ದೀನಿ ಸಾರ್. ನಿಮ್ಮ ಅಂಕಿ ಒಂದು ಸೇರಿಸೋದು ಬಾಕಿ. ಹೇಳಿ."

"ಒಂದು ನಿಮಿಷ," ಎಂದ.

"ಇಷ್ಟು ಕೋಟಿ ವರ್ಷ ಕಾದಿದೆ, ಇನ್ನೊಂದು ನಿಮಿಷ ಕಾಯಲಿ ಬಿಡಿ," ಎಂದರು ಲೈಬ್ರರಿ ಮೇಡಂ. ಮತ್ತೆ ನಗು.

ಅವನು ಬೀಗದ ಕೈಯನ್ನು ಗಾಜಿನ ಮುಂದೆ ಎತ್ತಿ ಹಿಡಿದು ಆಡಿಸಿದ. ಅಂಚಿನವಳು ಗೋಡೆ ಹಿಡಿದು ನಿಂತಳು. ಇತ್ತ ತಿರುಗಿದಳು. ನೀರಿನಿಂದ ಒಂದು ಕೈ ಮೇಲೆ ಬಂತು.

ಅದೇ ಹೊತ್ತಿಗೆ ಕೊಳದ ಆಚೆ ಬದಿಯಲ್ಲಿ, ಅವನು ಒಮ್ಮೆಯೂ ಕಣ್ಣು ಹಾಯಿಸದ ಸಾಲಿನಲ್ಲಿ, ಎಲ್ಲರಿಗಿಂತ ವೇಗವಾಗಿ ನೀರು ಸೀಳುತ್ತಿದ್ದವಳು ತಟ್ಟನೆ ನಿಂತು ತನ್ನ ಕೈಯನ್ನೂ ಎತ್ತಿದಳು.

"ಹಲೋ? ಹೇಳಿ ಸಾರ್. ಎಷ್ಟು?"

ಅವನು ಬಾಯಿ ತೆರೆದ. ಉಳಿದವರೆಲ್ಲ ಯಾವಾಗ ನೀರಿನಿಂದೆದ್ದು ಹೋದರೋ, ಅಲೆ ಅಡಗಿ ಕೊಳ ಗಾಜಿನಂತಾಗಿತ್ತು. ಎರಡು ಬಿಳಿ ತಲೆಗಳು, ನಡುವಿನಿಂದ ಸರಿಸಮ ದೂರದಲ್ಲಿ, ಮುಖವಿಲ್ಲದೆ, ಎತ್ತಿದ ಕೈ ಇಳಿಸದೆ, ಅವನನ್ನೇ ನೋಡುತ್ತಿದ್ದವು.