ಮಾದರಿಯಲ್ಲಿ ಇಲ್ಲದ ಬಾಗಿಲು

ಪೇಟೆಯ ನಡುಭಾಗವನ್ನೂ ನದಿದಂಡೆಯನ್ನೂ ಹೊಸದಾಗಿ ಕಟ್ಟಬೇಕೆಂದು ಸರ್ಕಾರ ತೀರ್ಮಾನಿಸಿದಾಗ, ಆ ಹೊಸ ಊರನ್ನು ಎಲ್ಲರಿಗಿಂತ ಮೊದಲು ಕಟ್ಟುವ ಕೆಲಸ ಇಲಾಖೆಯ ಬಡಗಿಯ ಪಾಲಿಗೆ ಬಂತು. ಕಟ್ಟುವುದೆಂದರೆ ಮೇಜಿನ ಮೇಲೆ, ಹಗುರ ಮರದಲ್ಲಿ, ಹೆಬ್ಬೆರಳೆತ್ತರದ ಕಟ್ಟಡಗಳಾಗಿ. ಎಂಜಿನಿಯರು ನಕ್ಷೆ ಹರಡಿದ. ಕಾರಂಜಿ, ಗಾಜಿನ ಅಂಗಡಿಸಾಲು, ನದಿಯುದ್ದಕ್ಕೂ ಕಲ್ಲಿನ ಕಟಕಟೆ ಎಲ್ಲವೂ ಇದ್ದವು. ಬಡಗಿ ತಾನಿದ್ದ ಓಣಿಯನ್ನು ಹುಡುಕಿದ. ಅಲ್ಲಿ ಹಸಿರು ಬಣ್ಣವಿತ್ತು.

"ಇದೇನು ಸಾರ್?"

"ಹುಲ್ಲು."

"ಇಲ್ಲಿ ನಲವತ್ತು ಮನೆ ಇವೆಯಲ್ಲ."

"ಈಗ ಇವೆ," ಎಂದ ಎಂಜಿನಿಯರು, ಮಗುವಿಗೆ ಲೆಕ್ಕ ಹೇಳಿಕೊಡುವವನ ತಾಳ್ಮೆಯಿಂದ.

ಬಡಗಿಯ ಅಕ್ಕ ಅದೇ ಓಣಿಯ ಕೊನೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಅವಳ ಬಾಯಿ ಅವಳ ಕತ್ತರಿಗಿಂತ ಹರಿತವೆಂದು ಓಣಿಗೆಲ್ಲ ಗೊತ್ತಿತ್ತು. ಸುದ್ದಿ ಕೇಳಿ ಅವಳು ಮಿಷನ್ನಿನ ಮೇಲಿಂದ ಕಾಲು ಕೂಡ ತೆಗೆಯಲಿಲ್ಲ.

"ಅಷ್ಟು ಹುಲ್ಲು ತಿನ್ನೋಕೆ ಅವರೇ ಬರ್ತಾರಂತಾ? ಕೈ ನಿಂದು, ಅಂಟೂ ನಿಂದು. ಹುಲ್ಲಿನ ಜಾಗದಲ್ಲಿ ಮನೆ ಅಂಟಿಸು."

"ಕೆಲಸ ಹೋಗುತ್ತೆ ಅಕ್ಕ."

"ಮನೆ ಹೋದ್ಮೇಲೆ ಕೆಲಸ ಇಟ್ಕೊಂಡು ಎಲ್ಲಿ ಮಲಗ್ತೀಯ?"

ಮಾದರಿ ಒಯ್ಯಲು ಲಾರಿ ಬರುವ ದಿನ ಬೆಳಗ್ಗೆ ಅವನು ಧೈರ್ಯ ಮಾಡಿದ. ಹುಲ್ಲನ್ನು ಕೆರೆದು ಮನೆಗಳನ್ನು ಅಂಟಿಸುತ್ತ ಹೋದ. ಉಳಿದದ್ದು ಹಳದಿ ಬಣ್ಣವೊಂದೇ ಆದ್ದರಿಂದ ಎಲ್ಲಕ್ಕೂ ಹಳದಿಯನ್ನೇ ಬಳಿದ. ಅಕ್ಕನ ಅಂಗಡಿಗೆ ಕಿಟಕಿ ಕೊರೆದು ಬಾಗಿಲಿಗೆ ಕೈಹಾಕುವಷ್ಟರಲ್ಲಿ ಲಾರಿ ಬಂದೇಬಿಟ್ಟಿತು.

ಸಭಾಂಗಣದಲ್ಲಿ ಮಂತ್ರಿಗಳ ಮುಂದೆ ಮಾದರಿಯ ಗಾಜಿನ ಮುಚ್ಚಳ ತೆರೆದಾಗ ಎಂಜಿನಿಯರನ ಮುಖ ಸುಣ್ಣವಾಯಿತು. ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಗಳು ಬಗ್ಗಿಯಾಗಿತ್ತು.

"ಈ ಹಳೇ ಓಣಿ ಉಳಿಸ್ಕೊಂಡಿದೀರಲ್ಲ, ಇದೇ ನಂಗೆ ಹಿಡಿಸಿದ್ದು."

"ಬಹಳ ಯೋಚನೆ ಮಾಡಿದ್ವಿ ಸಾರ್," ಎಂದ ಎಂಜಿನಿಯರು. ಅವನ ಮೇಲಧಿಕಾರಿ, ಯೋಚಿಸಲು ಹೇಳಿದ್ದು ತಾನೆಂದ. ಸಂಜೆಯ ಹೊತ್ತಿಗೆ ಆ ಓಣಿಗೆ ಐದು ಜನ ಅಪ್ಪಂದಿರು ಹುಟ್ಟಿಕೊಂಡಿದ್ದರು. ಹೊರಡುವಾಗ ಮಂತ್ರಿಗಳು, ಮಾದರಿಯಲ್ಲಿ ಹೇಗಿದೆಯೋ ಹಾಗೇ ಆಗಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದು ಅಪ್ಪಣೆ ಕೊಟ್ಟರು.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಇಲಾಖೆ ಅದು. ಗುತ್ತಿಗೆದಾರನ ಆಳುಗಳು ಮಾದರಿಯ ಫೋಟೋ ಹಿಡಿದು ಬಂದು ನಲವತ್ತು ಮನೆಗಳಿಗೂ ಹಳದಿ ಬಳಿದರು. ಕೊನೆಗೆ ಹೊಲಿಗೆ ಅಂಗಡಿಯ ಬಾಗಿಲಿಗೆ ಇಟ್ಟಿಗೆ ಕಟ್ಟತೊಡಗಿದರು. ಅಕ್ಕ ಒಳಗೇ ಇದ್ದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆ ಕಿಟಕಿಯಿಂದ ಇಳಿದು, ತಮ್ಮನ ಮುಂದೆ ಬಂದು ನಿಂತಳು.

ಅವನು ಕಚೇರಿಗೆ ಓಡಿದ.

"ಮಾದರಿಯಲ್ಲಿ ಬಾಗಿಲಿಲ್ಲ," ಎಂದ ಎಂಜಿನಿಯರು.

"ಬಾಗಿಲಿಲ್ಲದ ಅಂಗಡಿ ಎಲ್ಲಾದ್ರೂ ಇರುತ್ತಾ ಸಾರ್?"

"ಬದಲಾವಣೆಗೆ ಮಂತ್ರಿಗಳ ಒಪ್ಪಿಗೆ ಬೇಕು. ಅವರು ನದಿದಂಡೆ ನೋಡೋಕೆ ಪರದೇಶಕ್ಕೆ ಹೋಗಿದಾರೆ."

"ನಮ್ಮ ನದಿ ಇಲ್ಲೇ ಇದೆಯಲ್ಲ."

"ಅದನ್ನ ನೋಡಿ ಆಗಿದೆ."

ಬಡಗಿ ಊಟದ ವೇಳೆಗೆ ಸಭಾಂಗಣಕ್ಕೆ ಹೋದ. ಧೂಳು ಒರೆಸಬೇಕೆಂದಾಗ ಕಾವಲುಗಾರ ತಾನೇ ಮುಚ್ಚಳ ಎತ್ತಿಕೊಟ್ಟ. ಉಗುರಗಲದ ಬಾಗಿಲು ಕೊರೆದು ನೀಲಿ ಬಳಿಯಲು ಹತ್ತು ನಿಮಿಷ ಸಾಕಾಯಿತು. ಮೂರನೆಯ ದಿನ, ಕಾಮಗಾರಿಗೂ ಮಾದರಿಗೂ ತಾಳೆಯಿಲ್ಲವೆಂದು ಗುತ್ತಿಗೆದಾರನಿಗೆ ನೋಟಿಸು ಹೋಯಿತು. ಅವನು ಬೈದುಕೊಳ್ಳುತ್ತ ಇಟ್ಟಿಗೆ ಒಡೆಸಿ ನೀಲಿ ಬಾಗಿಲು ಕೂರಿಸಿದ.

"ನೀಲಿ ನಂಗಾಗಲ್ಲ ಅಂತ ಗೊತ್ತಿದ್ದೂ," ಎಂದಳು ಅಕ್ಕ. ಆದರೆ ಆ ದಿನ ತಮ್ಮನ ಅಂಗಿಗೆ ಗುಂಡಿ ಹಾಕಿಕೊಟ್ಟಳು.

ಗುಟ್ಟು ಓಣಿಯಲ್ಲಿ ನಿಲ್ಲುವುದುಂಟೆ? ಒಬ್ಬರಿಗೆ ನಲ್ಲಿ ಬೇಕು, ಇನ್ನೊಬ್ಬರಿಗೆ ದೀಪದ ಕಂಬ. ನಿವೃತ್ತ ಮೇಷ್ಟ್ರು ಎದುರುಮನೆಯ ಬಾಲ್ಕನಿ ಕೀಳಬೇಕೆಂದು ಕೇಳಿಕೊಂಡರು. ಅದೊಂದನ್ನು ಬಡಗಿ ಒಪ್ಪಲಿಲ್ಲ. ಕೊನೆಗೆ ದೋಣಿಯವನು ಬಂದ.

"ಕಟಕಟೆ ಆದ್ಮೇಲೆ ನನ್ನ ಜನ ಹಾರ್ಕೊಂಡು ಬರ್ಬೇಕಾ? ಒಂದಿಷ್ಟು ಮೆಟ್ಟಿಲು ಇಡಪ್ಪ."

ಬಡಗಿ ಬೆಂಕಿಕಡ್ಡಿ ಪೇರಿಸಿ ಹನ್ನೊಂದು ಮೆಟ್ಟಿಲು ಅಂಟಿಸಿದ. ಮೇಜಿನ ಮೇಲೆ ಅವು ಮುದ್ದಾಗಿದ್ದವು. ಅವಸರದಲ್ಲಿ ಅಳತೆ ನೋಡಿರಲಿಲ್ಲ. ಇಲಾಖೆ ಮಾತ್ರ ನೋಡಿತು, ಗುಣಿಸಿತು, ಕಲ್ಲಿನಲ್ಲಿ ಕಟ್ಟಿತು. ಒಂದೊಂದು ಮೆಟ್ಟಿಲೂ ಮೊಣಕಾಲು ದಾಟಿತ್ತು.

ಉದ್ಘಾಟನೆಯ ದಿನ ಮಂತ್ರಿಗಳು ನಗುನಗುತ್ತ ಇಳಿಯಹೊರಟು ಮೂರನೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಾಲ್ಕು ಜನ ಕಂಕುಳಿಗೆ ಕೈಕೊಟ್ಟು, ಬೀರು ಸಾಗಿಸುವಂತೆ ಎತ್ತಿದರು. ಯಾರೂ ಕೇಳದಿದ್ದರೂ ಎಂಜಿನಿಯರು, "ಇದೆಲ್ಲ ಆ ಬಡಗೀದು ಸಾರ್," ಎಂದ. ಮಾರನೆಯ ದಿನವೇ ಬಡಗಿಯನ್ನು ಕೆಲಸದಿಂದ ತೆಗೆದರು. ಮಾದರಿಯನ್ನು ಗೋದಾಮಿಗೆ ಹಾಕಿ ಮೊಹರು ಮಾಡಿದರು. ಮಾದರಿಯೇ ಮೊಹರಾದ ಮೇಲೆ ಊರಲ್ಲಿ ಇನ್ನು ಏನನ್ನೂ ಬದಲಿಸುವಂತಿಲ್ಲ, ಕೆಡವುವಂತೆಯೂ ಇಲ್ಲ ಎಂದಾಯಿತು.

ಬಡಗಿ ಎರಡು ದಿನ ಮುಖ ಮುಚ್ಚಿಕೊಂಡು ಮಲಗಿದ. ಮೂರನೆಯ ದಿನ ಹಲಗೆ ಹೊತ್ತು ನದಿಗೆ ಹೋಗಿ, ಪ್ರತಿ ಕಲ್ಲುಮೆಟ್ಟಿಲ ಮುಂದೆ ಅರ್ಧ ಎತ್ತರದ ಮರದ ಮೆಟ್ಟಿಲನ್ನು ಕೂರಿಸತೊಡಗಿದ. ಈ ಸಲ ಅಳತೆಗೆ ಅಕ್ಕನನ್ನೇ ಹತ್ತಿಸಿ ಇಳಿಸಿ ನೋಡಿದ. ದೋಣಿಯವನು ಆಚೆ ದಡದಿಂದ ಆರು ಜನರನ್ನು ತುಂಬಿಕೊಂಡು ಬರುತ್ತಿದ್ದ. ಬಡಗಿ ಪಾದ ಮುಳುಗುವ ನೀರಿನಲ್ಲಿ ನಿಂತು ಕೊನೆಯ ಹಲಗೆಗೆ ಸುತ್ತಿಗೆ ಎತ್ತಿದ.

"ಬೇಗ ಹೊಡಿ, ಅವರು ಬಂದ್ರು," ಎಂದು ಅಕ್ಕ ಬಾಯಲ್ಲಿದ್ದ ಮೊಳೆಯನ್ನು ತೆಗೆದುಕೊಟ್ಟಳು.