ಬೈರಕೂರಿನ ಮೈನಾ

ಸೊಪ್ಪಿನ ಸಾರಿನ ಒಗ್ಗರಣೆ ವಾಸನೆ ಇನ್ನೂ ಎರಡನೇ ತರಗತಿಯೊಳಗೆ ಸುಳಿಯುತ್ತಿತ್ತು, ಊಟದ ಮೇಲಿನ ಜೋಂಪು, ಗಂಗಾಲಕ್ಷ್ಮಿ ಟೀಚರ್‌ಗೆ ಕಣ್ಣು ಎಳೆಯುತ್ತಿತ್ತು, ಮಕ್ಕಳ ಮಗ್ಗಿ ಕೆರೆಯಾಚೆಯಿಂದ ತೇಲಿ ಬಂದ ಹಾಗೆ, ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು — ಅದರಲ್ಲೂ ಕೋಳಿ ಫಾರಂನ ಮೈನಾಳ ದನಿಯೇ ಜೋರು, ಅಯ್ಯೋ ಮೆಲ್ಲಗೆ ಕಣೇ, ಸಾಹೇಬ್ರು ಬಂದವ್ರೆ, ಹೌದಲ್ಲ, ಬಿಇಒ ಆಫೀಸಿನಿಂದ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಿದ್ದಾರೆ, ಆಧಾರ್ ಇಲ್ಲದ ಮಕ್ಕಳು ಯಾರ್ಯಾರು ಅಂತ ನೋಡುವುದಕ್ಕೆ. ಮೈನಾಳಿಗೆ ಆಧಾರೂ ಇಲ್ಲ, ಏನೂ ಇಲ್ಲ. ಫಾರಂನಲ್ಲಿ ದುಡಿಯುವ ಅಪ್ಪ ಅಮ್ಮ ಬಂಗಾಳದವರಂತೆ, ಯಾವ ಬಂಗಾಳ, ಗಡಿಯ ಈಚೆಯದೋ ಆಚೆಯದೋ, ಟೀಚರ್ ಕೇಳಿಲ್ಲ, ಕೇಳಿದರೆ ತಿಳಿದುಬಿಡುತ್ತದೆ, ತಿಳಿದರೆ ಹೇಳಬೇಕಾಗುತ್ತದೆ, ಯಾಕೆ ಬೇಕು ಆ ಉಸಾಬರಿ. ತನ್ನ ಅಮ್ಮನೂ ಗಡಿ ದಾಟಿ ಬಂದವಳೇ, ಆಂಧ್ರದ ಪುಂಗನೂರಿನಿಂದ, ಮದುವೆಯ ಮಾರನೇ ದಿನ, ಎತ್ತಿನ ಗಾಡಿಯಲ್ಲಿ ತೂಕಡಿಸುತ್ತ, ಗಡಿ ಎಲ್ಲಿ ಬಂತೋ ಎಲ್ಲಿ ಹೋಯಿತೋ, ಕಣ್ಣು ಬಿಟ್ಟರೆ ಬೈರಕೂರು, ಯಾರು ಕೇಳಿದರು ಅವಳನ್ನು ಕಾಗದ? ಸಾಯುವ ತನಕ ತೆಲುಗೇ ಆಡಿದಳು ಮಹಾರಾಯ್ತಿ. ಈ ಮೈನಾಳೂ ಅಷ್ಟೆ, ಈ ಗಡಿಯೂರಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತ ಕಲಿತದ್ದೆಲ್ಲ ಕನ್ನಡವೆಂದೇ ನಂಬಿಕೊಂಡಿದ್ದಾಳೆ, ಅದರಲ್ಲಿ ಮುಕ್ಕಾಲು ತೆಲುಗು, ಪಾಪ, ಟೀಚರ್ ತಿದ್ದಲು ಹೋಗಲಿಲ್ಲ, ಒಂದೇ ಒಂದು ಮಾತು ಹೇಳಿಕೊಟ್ಟಿದ್ದಳು, ಯಾರೇ ಕೇಳ್ಲಿ ಬೈರಕೂರು ಅನ್ನು, ಇಲ್ದಿದ್ರೆ ಸ್ಕೂಲಿಂದ ಕಳಿಸ್ಬಿಡ್ತಾರೆ ಕಣೇ. ಕಳಿಸಿದರೆ ಈ ಮಗು ಹೋಗುವುದೆಲ್ಲಿಗೆ, ಆ ನಾರುವ ಶೆಡ್ಡಿಗೆ, ದಿನವೆಲ್ಲ ಮೊಟ್ಟೆ ಆರಿಸುವುದಕ್ಕೆ.

ಸಾಹೇಬರ ಬೆರಳು ಅವಳತ್ತಲೇ ತಿರುಗಿತು, ಏಯ್ ಪಾಪ, ನಿಂದ್ಯಾವೂರು, ಮೈನಾ ಎದ್ದು ಕೈಕಟ್ಟಿ ನಿಂತಳು, ಮಾದಿ ಬೈರಕೂರು ಸಾರ್, ನಮ್ದು ಬೈರಕೂರು ಅಂತ ತೆಲುಗಿನಲ್ಲಿ, ಥೇಟ್ ಟೀಚರ್ ಅಮ್ಮನದೇ ರಾಗ, ಸಾಹೇಬರು ನಕ್ಕೇಬಿಟ್ಟರು, ಇದು ನಮ್ ಕಡೇದೇ ಬಿಡಮ್ಮ, ಆಧಾರ್ ಇವತ್ತಲ್ಲ ನಾಳೆ ಮಾಡಿಸಿದ್ರಾಯ್ತು, ಗೆದ್ದಳಲ್ಲ ಕಳ್ಳಿ, ಟೀಚರ್‌ಗೆ ಕಣ್ಣು ತುಂಬಿ ಕೋಣೆಯೇ ನೀರಿನೊಳಗೆ ತೇಲತೊಡಗಿತು — ಆ ನೀರಿನಾಚೆಯಿಂದ ಯಾರೋ ಕರೆದರು, ಮೊಯ್ನಾ, ಓ ಮೊಯ್ನಾ, ಬಾಗಿಲಲ್ಲಿ ಅವಳ ಅಮ್ಮ, ಸೆರಗಿಗೆ ಕೋಳಿಪುಕ್ಕ, ಕೈಯಲ್ಲಿ ಬೆಳಿಗ್ಗೆ ಮಗಳು ಮರೆತ ಕೆಂಪು ರಿಬ್ಬನ್ನು, ನಗುನಗುತ್ತ ಬಂಗಾಳಿಯಲ್ಲಿ ಏನೇನೋ ಹೇಳುತ್ತಿದ್ದಾಳೆ, ಬೇಡ ತಾಯಿ, ಬಾಯಿ ಮುಚ್ಚು, ಹೋಗು. ಸಾಹೇಬರು ಹುಬ್ಬು ಗಂಟಿಕ್ಕಿ ಮಗುವನ್ನೇ ಕೇಳುತ್ತಾರೆ, ಯಾರಮ್ಮ ಇವ್ಳು, ನಿಮ್ಮಮ್ಮನಾ? ಮೈನಾ ಟೀಚರ್ ಮುಖ ನೋಡಿದಳು, ಬಾಗಿಲ ಕಡೆ ನೋಡಲೇ ಇಲ್ಲ, ಕಾದು ಸಾರ್, ತೆಲೀದು — ಅಲ್ಲವಂತೆ, ಗೊತ್ತೇ ಇಲ್ಲವಂತೆ, ತಾನು ಹೇಳಿಕೊಟ್ಟದ್ದು ಊರಿನ ಹೆಸರೊಂದನ್ನೇ, ಇದನ್ನು ಯಾರು ಕಲಿಸಿದರು ಇವಳಿಗೆ, ಅಯ್ಯೋ ದೇವರೇ, ಅಮ್ಮ ಇನ್ನೂ ನಗುತ್ತಲೇ ಇದ್ದಾಳೆ, ಒಂದು ಮಾತೂ ತಿಳಿಯದೆ, ರಿಬ್ಬನ್ನು ಹಿಡಿದ ಕೈ ಮಗಳತ್ತ ಚಾಚಿಕೊಂಡು, ತಗೋ ಎನ್ನುವಂತೆ ಇನ್ನಷ್ಟು ಚಾಚಿಕೊಂಡು, ಚಾಚಿದ ಕೈ, ಆ ಚಾಚಿದ ಕೈ —